ಅಮಾವಾಸ್ಯೆಯ ಲೆಕ್ಕ ಮತ್ತು ಡಬ್ಲಿನ್‌ಗೆ ಹೋಗುವ ಅರ್ಜಿ

ಸಿಂಧನೂರು ಕಡೆಯ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು ಸೊಸೆ ರಾಯಚೂರಿನ ನಮ್ಮ ಹೊರರೋಗಿ ವಿಭಾಗಕ್ಕೆ ಕರೆತಂದಿದ್ದರು. ಇವತ್ತು ತಾರೀಖು ಎಷ್ಟು ಎಂದು ಕೇಳಿದೆ. “ಅಮಾಸಿ ಆಗಿ ನಾಕ ದಿನ ಆತಲ್ಲಪ್ಪ” ಎಂದರು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನನ್ನ ಕೈಯಲ್ಲಿದ್ದ, ನೆನಪಿನ ಶಕ್ತಿ ಅಳೆಯುವ ಮೂವತ್ತು ಅಂಕಗಳ ಪರೀಕ್ಷಾ ಹಾಳೆಯಲ್ಲಿ ಆ ಉತ್ತರಕ್ಕೆ ಸೊನ್ನೆ. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದಾಗ ಸುಮ್ಮನಾದರು. ಒಂದರ ಮೇಲೊಂದು ಕೂತ ಐದು ಮೂಲೆಯ ಎರಡು ಆಕೃತಿಗಳನ್ನು ತೋರಿಸಿ, ನೋಡಿ ಬರೆಯಿರೆಂದು ಪೆನ್ನು ಕೊಟ್ಟಾಗ ಅದನ್ನು ಹಿಡಿಯುವ ಬಗೆ ತಿಳಿಯದೆ ಸೊಸೆಯ ಮುಖ ನೋಡಿದರು. ಕಳೆ ತೆಗೆಯಲು ಬಂದವರ ಕೂಲಿಯನ್ನು ಬಾಯಲ್ಲೇ ಲೆಕ್ಕ ಹಾಕಿ ಹಂಚುವವರು ಇಂದಿಗೂ ಅವರೇ ಎಂಬುದು ಆಮೇಲೆ ತಿಳಿಯಿತು. ಅಂದರೆ ಆ ಹಾಳೆ ಅಳೆದದ್ದು ಅವರ ನೆನಪನ್ನಲ್ಲ, ಅವರು ಹೋಗದ ಶಾಲೆಯನ್ನು.

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಡಿಮೆನ್ಷಿಯಾದ, ಅಂದರೆ ನೆನಪು ಮತ್ತು ಯೋಚನಾಶಕ್ತಿ ಕುಂದುತ್ತ ಹೋಗುವ ಕಾಯಿಲೆಯ, 14 ತಡೆಯಬಹುದಾದ ಅಪಾಯಕಾರಣಗಳನ್ನು ಗುರುತಿಸಿ, ಅವೆಲ್ಲವನ್ನೂ ನಿವಾರಿಸಿದರೆ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಆ ಪಟ್ಟಿಯಲ್ಲಿ ಬಾಲ್ಯದ ಶಿಕ್ಷಣದ ಕೊರತೆಯೂ ಇದೆ. ಹಾಗಾಗಿ ಓದು ಸಿಗದವರಿಗೆ ಕಾಯಿಲೆಯ ಅಪಾಯವೂ ಹೆಚ್ಚು, ಕಾಯಿಲೆಯನ್ನು ತಪ್ಪಾಗಿ ಅಳೆಯುವ ಅಪಾಯವೂ ಹೆಚ್ಚು. ಇದಕ್ಕೆ ಮದ್ದೇ ಇಲ್ಲವೆಂದಲ್ಲ. ಹರಿಯಾಣದ ಬಲ್ಲಭಗಢದಲ್ಲಿ ಅಕ್ಷರ ಬಾರದ ಹಿರಿಯರಿಗೆಂದೇ ಹಿಂದಿಯ ಪರೀಕ್ಷೆಯೊಂದು 1990ರ ದಶಕದಲ್ಲೇ ರೂಪುಗೊಂಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷಾ ಗುಚ್ಛ ಕನ್ನಡದಲ್ಲೂ ಇದೆ. ಆದರೆ ನೂಕುನುಗ್ಗಲಿನ ಹೊರರೋಗಿ ವಿಭಾಗದಲ್ಲಿ ಅದನ್ನು ಕೂತು ಮಾಡಿಸುವ ಕೈಗಳು ಕಡಿಮೆ. ಜೊತೆಗೆ, ಅರವತ್ತಕ್ಕೆ ಅರಳು ಮರಳು ಎಂದು ಮನೆಯವರೇ ವರ್ಷಗಟ್ಟಲೆ ತಳ್ಳಿಹಾಕಿರುತ್ತಾರೆ.

ಈ ಅಸಮಾನತೆಯ ಮೇಲೆ ಕೆಲಸ ಮಾಡುವವರಿಗೆ ಅಟ್ಲಾಂಟಿಕ್ ಫೆಲೋಶಿಪ್ ಎಂಬ ತರಬೇತಿಯ ದಾರಿಯಿದೆ. 2015ರಲ್ಲಿ ಆರಂಭವಾದ ಗ್ಲೋಬಲ್ ಬ್ರೈನ್ ಹೆಲ್ತ್ ಇನ್‌ಸ್ಟಿಟ್ಯೂಟ್ ಇದನ್ನು ಡಬ್ಲಿನ್‌ನ ಟ್ರಿನಿಟಿ ಕಾಲೇಜು ಮತ್ತು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳಲ್ಲಿ ನಡೆಸುತ್ತದೆ. ನರರೋಗ ತಜ್ಞರಿಗಷ್ಟೇ ಮೀಸಲೆಂಬುದು ನಮ್ಮ ಕಡೆ ಬೇರೂರಿದ ತಪ್ಪು ತಿಳಿವಳಿಕೆ. ಮನಶ್ಶಾಸ್ತ್ರಜ್ಞರು, ಸಮಾಜ ವಿಜ್ಞಾನಿಗಳು, ಪತ್ರಕರ್ತರು, ಕಲಾವಿದರು ಕೂಡ ಅಲ್ಲಿ ಫೆಲೋಗಳಾಗಿದ್ದಾರೆ. ಹಿಂದಿರುಗಿದವರು ತಮ್ಮ ಊರಿನಲ್ಲಿ ಸಣ್ಣ ಯೋಜನೆಯೊಂದನ್ನು ಆರಂಭಿಸಲು ಅನುದಾನಕ್ಕೆ ಸ್ಪರ್ಧಿಸಬಹುದು. ನನ್ನ ಮಟ್ಟಿಗೆ ಫೆಲೋಶಿಪ್‌ನ ನಿಜವಾದ ತೂಕ ಇರುವುದು ಇಲ್ಲಿಯೇ, ವಿದೇಶದ ವಾಸದಲ್ಲಲ್ಲ. ಇಂಗ್ಲಿಷಿನ ಅಂಜಿಕೆಗಿಂತ ದೊಡ್ಡ ತೊಡಕು ರಜೆಯದು: ಜಿಲ್ಲಾ ಮಟ್ಟದಲ್ಲಿ ಒಬ್ಬರು ಬಹುಕಾಲ ಹೋದರೆ ಅವರ ಕುರ್ಚಿಯಲ್ಲಿ ಕೂರುವವರಿಲ್ಲ. ಆದ್ದರಿಂದ ಅರ್ಜಿಗೆ ಮುನ್ನ ಮೇಲಧಿಕಾರಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ನಮ್ಮ ವಿಭಾಗದ ಮನಶ್ಶಾಸ್ತ್ರಜ್ಞೆಯೊಬ್ಬರು ಈಚೆಗೆ ಅರ್ಜಿಯ ಕರಡು ತೋರಿಸಿದರು. ಮೊದಲ ಪುಟದ ತುಂಬ ಜಗತ್ತಿನ ಮುಪ್ಪಿನ ಅಂಕಿಅಂಶಗಳಿದ್ದವು. “ಇದನ್ನ ಅವರೇ ನಿಮಗೆ ಹೇಳ್ಕೊಡ್ತಾರ್ರಿ ಮೇಡಂ” ಎಂದು ಅದಕ್ಕೆ ಗೀಟು ಹಾಕಿ, ಅಜ್ಜಿಯ ಅಮಾವಾಸ್ಯೆಯಿಂದ ಆರಂಭಿಸಿ ಎಂದೆ. ಎರಡನೆಯ ಕರಡಿನಲ್ಲಿ ಅವರು, ತಾರೀಖಿನ ಬದಲು ತಿಥಿ ಮತ್ತು ಸಂತೆಯ ದಿನವನ್ನು ಕೇಳುವ ಪ್ರಶ್ನಾವಳಿಯನ್ನು ಆಶಾ ಕಾರ್ಯಕರ್ತೆಯರ ಮೂಲಕ ಹಳ್ಳಿಗಳಲ್ಲಿ ಪರೀಕ್ಷಿಸುವ ಯೋಜನೆಯನ್ನು ಬರೆದು ತಂದಿದ್ದಾರೆ.