ಬುಲ್ಡೋಜರ್‌ನಿಂದ ಡ್ರೆಡ್ಜರ್‌ವರೆಗೆ: ಕೆಜಿಎಫ್‌ನ ಬೆಮಲ್ ನಡೆದು ಬಂದ ದಾರಿ

ಮಣ್ಣು ಅಗೆಯುವ ಯಂತ್ರ, ರೈಲು ಬೋಗಿ ಮಾಡುವ ಸರ್ಕಾರಿ ಕಂಪನಿ ಬೆಮಲ್ ಬಗ್ಗೆ ಬರುವ ಸುದ್ದಿಗಳನ್ನು ಒಟ್ಟಿಗೆ ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ. ಕೇಂದ್ರ ಸರ್ಕಾರ ತನ್ನ ಷೇರು ಮಾರಲು ಹೊರಟಿದೆ ಅನ್ನುತ್ತದೆ ಒಂದು ಸುದ್ದಿ. ವಂದೇ ಭಾರತ್ ಸ್ಲೀಪರ್ ರೈಲು ಇದೇ ಕಂಪನಿಯ ಬೆಂಗಳೂರು ಕಾರ್ಖಾನೆಯಿಂದ ಹೊರಬಂತು ಅನ್ನುತ್ತದೆ ಇನ್ನೊಂದು. ಕೋಲಾರದ ಚಿನ್ನದ ಗಣಿಗಳ ಊರು ಕೆಜಿಎಫ್‌ನಲ್ಲಿ ಗುತ್ತಿಗೆ ಕಾರ್ಮಿಕರು ಕಾಯಂ ಮಾಡಿ ಎಂದು ಕೇಳುತ್ತಿದ್ದಾರೆ. ಖಾಲಿ ಬಿದ್ದ ಜಮೀನಿನ ಮಾತು ಬೇರೆ. ಈಗ ಹೂಳೆತ್ತುವ ಹಡಗು, ಅಂದರೆ ಡ್ರೆಡ್ಜರ್ ಕಟ್ಟುವ ವಿಷಯವೂ ಸೇರಿಕೊಂಡಿದೆ. ಸಮುದ್ರವೇ ಇಲ್ಲದ ಕೋಲಾರ ಜಿಲ್ಲೆಯ ಕಂಪನಿಗೂ ಹಡಗಿಗೂ ಏನು ಸಂಬಂಧ? ಲಾಭದಲ್ಲಿರುವ ಕಂಪನಿಯನ್ನು ಮಾರುವುದು ಯಾಕೆ? ಇವೆಲ್ಲ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1962ರ ಚೀನಾ ಯುದ್ಧ ದೇಶಕ್ಕೆ ಒಂದು ಕೊರತೆಯನ್ನು ತೋರಿಸಿಕೊಟ್ಟಿತು. ಗಡಿಯಲ್ಲಿ ರಸ್ತೆ ಇರಲಿಲ್ಲ, ರಸ್ತೆ ಕಡಿಯುವ ಯಂತ್ರಗಳೂ ಸಾಲದಾಗಿದ್ದವು. 1964ರ ಮೇ ತಿಂಗಳಲ್ಲಿ ರಕ್ಷಣಾ ಇಲಾಖೆಯ ಅಡಿಯಲ್ಲಿ ಭಾರತ್ ಅರ್ಥ್ ಮೂವರ್ಸ್ ಲಿಮಿಟೆಡ್, ಅಂದರೆ ಬೆಮಲ್ ಹುಟ್ಟಿತು. 1965ರ ಜನವರಿಯಿಂದ ಕೆಲಸ ಶುರುವಾಯಿತು. ಬೆಂಗಳೂರಿನಲ್ಲಿ ವಿಮಾನ ತಯಾರಿಸುವ ಎಚ್‌ಎಎಲ್ ನಡೆಸುತ್ತಿದ್ದ ರೈಲು ಬೋಗಿ ವಿಭಾಗವನ್ನೂ ಇದಕ್ಕೇ ಸೇರಿಸಿದರು. ಮಣ್ಣು ಅಗೆಯುವ ಯಂತ್ರಗಳ ಕಾರ್ಖಾನೆ ಮಾತ್ರ ಕೆಜಿಎಫ್‌ಗೆ ಬಂತು.

ಅಂಥ ಕಾರ್ಖಾನೆಗೆ ಬೇಕಾದದ್ದೆಲ್ಲ ಕೆಜಿಎಫ್‌ನಲ್ಲಿ ಮೊದಲೇ ಇತ್ತು. 1902ರಲ್ಲೇ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟ್ ಬಂದಿತ್ತು. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲಿತ್ತು. ಬೇತಮಂಗಲದ ಕೆರೆಯಿಂದ ನೀರು ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಕೈ ಪಳಗಿದ ಜನ ಇದ್ದರು. ಗಣಿಯ ಕೆಲಸ ಅಂದರೆ ಬರೀ ಭೂಮಿಯೊಳಗೆ ಇಳಿಯುವುದಲ್ಲ. ಮೇಲೆ ವರ್ಕ್‌ಶಾಪು, ಪಂಪು, ಕಂಪ್ರೆಸರ್, ಆಳು ಇಳಿಸುವ ಯಂತ್ರ ಎಲ್ಲ ಇರುತ್ತವೆ. ಫಿಟ್ಟರ್, ಟರ್ನರ್, ವೆಲ್ಡರ್‌ಗಳ ಮನೆಗಳೇ ಇದ್ದ ಊರಿದು. ತಮಿಳು, ಕನ್ನಡ, ತೆಲುಗು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಜನ. ಬೆಮಲ್ ನಗರ ಎಂಬ ಹೊಸ ಬಡಾವಣೆ ಎದ್ದಿತು, ಕ್ವಾರ್ಟರ್ಸ್ ಬಂದವು, ಅದೇ ಹೆಸರಿನ ರೈಲು ನಿಲ್ದಾಣವೂ ಬಂತು.

ಜಪಾನಿನ ಕೊಮಾಟ್ಸು ಕಂಪನಿಯ ತಂತ್ರಜ್ಞಾನದಲ್ಲಿ ಬುಲ್ಡೋಜರ್‌ಗಳು ತಯಾರಾದವು. ಬುಲ್ಡೋಜರ್ ಎಂದರೆ ಮುಂದಿನ ಬ್ಲೇಡು ಮಾತ್ರ ಕಣ್ಣಿಗೆ ಬೀಳುತ್ತದೆ. ಅದನ್ನು ಮಾಡುವವರಿಗೆ ಕಷ್ಟ ಇರುವುದು ಕೆಳಗಿನ ಚೈನಿನಲ್ಲಿ. ಒಂದೊಂದು ಕೊಂಡಿ, ಪಿನ್ನು, ರೋಲರ್ ಕೂಡ ಕಲ್ಲು ಮಣ್ಣಿನಲ್ಲಿ ಉಜ್ಜಿ ಉಜ್ಜಿ ಸವೆಯುತ್ತದೆ. ಕಬ್ಬಿಣಕ್ಕೆ ಹದ ಜಾಸ್ತಿಯಾದರೆ ಸಿಡಿಯುತ್ತದೆ, ಕಡಿಮೆಯಾದರೆ ಬೇಗ ತಿಂದು ಹೋಗುತ್ತದೆ. ಈ ಹದ ಪುಸ್ತಕ ಓದಿ ಬರುವಂಥದ್ದಲ್ಲ. ಕುಲುಮೆಯ ಮುಂದೆ ವರ್ಷಗಟ್ಟಲೆ ನಿಂತವರಿಗೆ ಮಾತ್ರ ಅದು ದಕ್ಕುತ್ತದೆ. ಕೆಜಿಎಫ್ ಕಾರ್ಖಾನೆಯ ನಿಜವಾದ ಆಸ್ತಿ ಇದೇ. ಕಂಪನಿಯ ಬೆಲೆ ಕಟ್ಟುವಾಗ ಲೆಕ್ಕಕ್ಕೆ ಬಾರದೆ ಹೋಗುವುದೂ ಇದೇ.

ಎಪ್ಪತ್ತರ ದಶಕದಲ್ಲಿ ಕಲ್ಲಿದ್ದಲು ಗಣಿಗಳು ರಾಷ್ಟ್ರೀಕರಣವಾದವು, 1975ರಲ್ಲಿ ಕೋಲ್ ಇಂಡಿಯಾ ಬಂತು. ಸುರಂಗ ಕೊರೆಯುವ ಬದಲು ಮೇಲಿನಿಂದಲೇ ಅಗೆಯುವ ತೆರೆದ ಗಣಿಗಳು ಹೆಚ್ಚಿದವು. ಅದಕ್ಕೆ ದೊಡ್ಡ ಡೋಜರ್, ಎಕ್ಸ್‌ಕವೇಟರ್, ಡಂಪರ್ ಬೇಕು. ಎಂಬತ್ತರ ದಶಕದಲ್ಲಿ ಮೈಸೂರಿನಲ್ಲೂ ಡಂಪರ್ ತಯಾರಿಕೆ ಶುರುವಾಯಿತು. ಸೇನೆ, ಗಡಿ ರಸ್ತೆ ಸಂಸ್ಥೆ, ಕೋಲ್ ಇಂಡಿಯಾ, ಸಿಂಗರೇಣಿ ಕಲ್ಲಿದ್ದಲು ಕಂಪನಿ. ಕೊಳ್ಳುವವರೂ ಸರ್ಕಾರದವರೇ, ಮಾಡುವವರೂ ಸರ್ಕಾರದವರೇ. ಆರ್ಡರ್ ತಾನಾಗಿ ಬರುತ್ತಿತ್ತು.

ಈಗಿನ ಗೊಂದಲದ ಬೇರು ಇರುವುದು 1991ರಿಂದ 2001ರವರೆಗಿನ ಹತ್ತು ವರ್ಷಗಳಲ್ಲಿ.

1991ರಲ್ಲಿ ಆರ್ಥಿಕ ನೀತಿ ಬದಲಾಯಿತು. ಸರ್ಕಾರಿ ಕಂಪನಿಗಳ ಷೇರು ಮಾರಾಟ ಶುರುವಾಯಿತು. ಬೆಮಲ್ ಷೇರಿನಲ್ಲೂ ಒಂದು ಪಾಲು ಹೊರಗೆ ಹೋಯಿತು. ಆಗ ಇದನ್ನು ಖಾಸಗೀಕರಣ ಎಂದು ಯಾರೂ ಕರೆಯಲಿಲ್ಲ, ಕಡಿವಾಣ ಸರ್ಕಾರದ ಕೈಯಲ್ಲೇ ಇತ್ತಲ್ವಾ. ಆದರೆ ಮಾರುಕಟ್ಟೆಯ ಬಾಗಿಲು ತೆರೆದಿತ್ತು. ವಿದೇಶಿ ಕಂಪನಿಗಳು ಇಲ್ಲಿನವರ ಜತೆ ಸೇರಿ ಯಂತ್ರ ತಯಾರಿಸತೊಡಗಿದವು. 1998ರಲ್ಲಿ ಎಲ್ ಅಂಡ್ ಟಿ ಜತೆ ಕೊಮಾಟ್ಸು ಬೆಂಗಳೂರಿನಲ್ಲೇ ಜಂಟಿ ಕಂಪನಿ ಮಾಡಿತು. ಯಾರಿಂದ ವಿದ್ಯೆ ಕಲಿತಿದ್ದರೋ ಅವರೇ ಎದುರಿನ ಅಂಗಡಿ ಇಟ್ಟ ಹಾಗಾಯಿತು. ಗಣಿ ಕಂಪನಿಗಳ ಟೆಂಡರ್‌ಗಳಲ್ಲಿ ಬೆಮಲ್ ಈಗ ಜಗತ್ತಿನ ದೊಡ್ಡ ದೊಡ್ಡ ಹೆಸರುಗಳ ಜತೆ ಪೈಪೋಟಿಗೆ ಇಳಿಯಬೇಕಾಯಿತು. ಯಂತ್ರದ ಬೆಲೆಯಷ್ಟೇ ಅಲ್ಲ, ಅದು ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ, ಕೆಟ್ಟರೆ ಬಿಡಿಭಾಗ ಎಷ್ಟು ಬೇಗ ಸಿಗುತ್ತದೆ ಎಂಬುದೂ ಲೆಕ್ಕಕ್ಕೆ ಬಂತು.

ಅದೇ ಹತ್ತು ವರ್ಷಗಳಲ್ಲಿ ಪಕ್ಕದಲ್ಲೇ ಚಿನ್ನದ ಗಣಿ ಸಾಯುತ್ತಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಬೆಳೆದ ಗಣಿ 1956ರಲ್ಲಿ ರಾಜ್ಯದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದಿತ್ತು. 1972ರಿಂದ ಅದರ ಹೆಸರು ಭಾರತ್ ಗೋಲ್ಡ್ ಮೈನ್ಸ್. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗೂ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗಿನಿಂದ ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತು. ಮೊದಲು ಹೊಸಬರನ್ನು ತೆಗೆದುಕೊಳ್ಳುವುದು ನಿಂತಿತು. ಆಮೇಲೆ ಒಂದೊಂದೇ ಶಾಫ್ಟ್ ಮುಚ್ಚಿತು. ಹೊಸ ಬಂಡವಾಳ ಬರುತ್ತದೆ, ಬೇರೆ ಕಂಪನಿ ವಹಿಸಿಕೊಳ್ಳುತ್ತದೆ ಎಂಬ ಮಾತು ಕೊನೆಯವರೆಗೂ ಓಡಾಡಿತು. 2001ರ ಫೆಬ್ರುವರಿ 28ಕ್ಕೆ ಗಣಿ ನಿಂತೇ ಹೋಯಿತು. ಸಾವಿರಾರು ಮನೆಗಳ ಸಂಬಳ ಒಂದೇ ದಿನಕ್ಕೆ ನಿಂತಿತು. ಪರಿಹಾರದ ಹಣ, ಗಣಿ ಕಾರ್ಮಿಕರ ಲೈನ್ ಮನೆಗಳ ಹಕ್ಕುಪತ್ರ ಇವೆಲ್ಲ ವರ್ಷಗಟ್ಟಲೆ ಎಳೆದವು. ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ಸೈನೈಡ್ ಗುಡ್ಡಗಳು ಹಾಗೇ ನಿಂತಿವೆ. ಗಾಳಿ ಬೀಸಿದರೆ ಆ ದೂಳು ಇವತ್ತಿಗೂ ಮನೆಯೊಳಗೆ ಬರುತ್ತದೆ.

ಆಮೇಲೆ ಊರಿನಲ್ಲಿ ಉಳಿದ ದೊಡ್ಡ ಕಾರ್ಖಾನೆ ಬೆಮಲ್ ಒಂದೇ. ಉಳಿದವರು ಬೆಳಗಿನ ಜಾವದ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು, ಈಗಲೂ ಹೋಗುತ್ತಿದ್ದಾರೆ. ಬೆಮಲ್ ಬಗ್ಗೆ ಏನೇ ಸುದ್ದಿ ಬಂದರೂ ಕೆಜಿಎಫ್ ಜನ ಯಾಕೆ ಅಷ್ಟು ಗಾಬರಿಯಾಗುತ್ತಾರೆ ಎಂದು ಕೇಳುವವರು 2001 ಅನ್ನು ನೆನಪಿಟ್ಟುಕೊಳ್ಳಬೇಕು. ಎರಡೂ ಒಂದೇ ಅಲ್ಲ ಎನ್ನುವುದೂ ನಿಜ. ಗಣಿ ನಷ್ಟದಲ್ಲಿತ್ತು, ಬೆಮಲ್ ದುಡಿಯುತ್ತಿದೆ. ಹಾಗಿರುವಾಗ ಜನರ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ.

2000ದ ನಂತರದ ಕಥೆ ಬೇಗ ಹೇಳಿ ಮುಗಿಸಬಹುದು. ದೆಹಲಿ ಮೆಟ್ರೊದಿಂದ ಶುರುವಾಗಿ ಬೆಂಗಳೂರು ಘಟಕಕ್ಕೆ ರೈಲಿನ ಕೆಲಸ ಹೆಚ್ಚಿತು. 2007ರಲ್ಲಿ ಮತ್ತಷ್ಟು ಷೇರು ಹೊರಗೆ ಹೋಗಿ ಸರ್ಕಾರದ ಪಾಲು ಶೇ 54ಕ್ಕೆ ಬಂತು. 2010ರಲ್ಲಿ ಕೇರಳದ ಪಾಲಕ್ಕಾಡ್‌ನಲ್ಲಿ ಹೊಸ ಘಟಕ ತೆರೆಯಿತು. 2012ರಲ್ಲಿ ಬೆಮಲ್ ಮೂಲಕ ಸೇನೆ ಕೊಳ್ಳುತ್ತಿದ್ದ ಟಾಟ್ರಾ ಟ್ರಕ್ಕುಗಳ ಖರೀದಿ ವಿವಾದ ಎದ್ದು ಕಂಪನಿಯ ಹೆಸರಿಗೆ ಪೆಟ್ಟು ಬಿತ್ತು.

ಆ ಟ್ರಕ್ಕುಗಳ ಮೇಲೇ ಬೆಮಲ್‌ನ ಒಂದು ಒಳ್ಳೆಯ ಕೆಲಸವೂ ನಿಂತಿದೆ, ಆ ಗದ್ದಲದಲ್ಲಿ ಅದು ಮರೆತೇ ಹೋಯಿತು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ ‘ಸರ್ವತ್ರ’ ಸೇತುವೆಯನ್ನು ಸೇನೆಗೆ ಮಾಡಿಕೊಟ್ಟದ್ದು ಬೆಮಲ್. ಎಂಟು ಚಕ್ರದ ಟ್ರಕ್ಕು ಹಳ್ಳದ ದಡಕ್ಕೆ ಹಿಂದೆ ಸರಿದು ನಿಲ್ಲುತ್ತದೆ. ಬೆನ್ನ ಮೇಲೆ ಮಡಚಿಟ್ಟ ಸೇತುವೆ ಕತ್ತರಿಯಂತೆ ಬಿಚ್ಚಿಕೊಂಡು 15 ಮೀಟರ್ ದೂರಕ್ಕೆ ಚಾಚುತ್ತದೆ. ಅದರ ಕಾಲುಗಳು ಹಳ್ಳದ ಆಳಕ್ಕೆ ತಕ್ಕಂತೆ ಇಳಿದು ನಿಲ್ಲುತ್ತವೆ. ಮುಂದಿನ ಟ್ರಕ್ಕು ಆ ಸೇತುವೆಯ ಮೇಲೇ ಹೋಗಿ ಇನ್ನೊಂದು ತುಂಡು ಚಾಚುತ್ತದೆ. ಹೀಗೆ ಐದು ಸೇರಿದರೆ 75 ಮೀಟರ್. ಅದರ ಮೇಲೆ ಟ್ಯಾಂಕುಗಳೇ ದಾಟುತ್ತವೆ. ಕೆಟ್ಟು ನಿಂತ ಟ್ಯಾಂಕ್ ಎಳೆದು ತರುವ ವಾಹನವನ್ನೂ ಬೆಮಲ್ ತಯಾರಿಸುತ್ತದೆ.

ಹೂಳೆತ್ತುವ ಹಡಗಿನ ವಿಷಯ ಬರುವುದು ಇಲ್ಲೇ. ಈಚಿನ ವರ್ಷಗಳಲ್ಲಿ ಡ್ರೆಡ್ಜಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ ಜತೆ ಬೆಮಲ್ ಒಪ್ಪಂದ ಮಾಡಿಕೊಂಡಿದೆ. ಹೊರದೇಶದಿಂದ ತರಿಸುವ ಡ್ರೆಡ್ಜರ್ ಬಿಡಿಭಾಗಗಳನ್ನು ಇಲ್ಲೇ ಮಾಡುವುದು, ಒಳನಾಡಿನ ನೀರಿಗೆ ಸಣ್ಣ ಡ್ರೆಡ್ಜರ್ ಕಟ್ಟುವುದು ಅದರ ಉದ್ದೇಶ. ಕಟರ್ ಸಕ್ಷನ್ ಡ್ರೆಡ್ಜರ್‌ನಲ್ಲಿ ಹಲ್ಲುಗಳಿರುವ ಉಕ್ಕಿನ ತಲೆಯೊಂದು ನೀರಿನ ತಳದಲ್ಲಿ ತಿರುಗಿ ಮಣ್ಣು ಕೆದಕುತ್ತದೆ, ಪಂಪು ಆ ರಾಡಿಯನ್ನು ಹೀರಿ ಪೈಪಿನಲ್ಲಿ ದೂರಕ್ಕೆ ಎಸೆಯುತ್ತದೆ. ಸವೆಯದ ಹಲ್ಲು, ಹೈಡ್ರಾಲಿಕ್ಸ್, ದೊಡ್ಡ ಎಂಜಿನ್. ಡೋಜರ್ ಮಾಡುವವರಿಗೆ ಇದರಲ್ಲಿ ಹೊಸದು ಕಡಿಮೆ. ಕೆಜಿಎಫ್‌ಗೆ ಈ ಕೆಲಸದ ಒಂದು ಪಾಲು ಸಿಗಬೇಕು ಎಂದು ಕೇಳುವುದರಲ್ಲಿ ಅತಿಯಾಸೆ ಏನಿಲ್ಲ.

ಇನ್ನು ಮಾರಾಟದ ವಿಚಾರ. ಶೇ 26 ಷೇರನ್ನು ಆಡಳಿತದ ಹಿಡಿತದ ಸಮೇತ ಮಾರಲು ಕೇಂದ್ರ 2016ರಲ್ಲಿ ತಾತ್ವಿಕವಾಗಿ ಒಪ್ಪಿತು. 2021ರ ಜನವರಿಯಲ್ಲಿ ಕೊಳ್ಳುವ ಆಸಕ್ತಿ ಇರುವವರನ್ನು ಕರೆಯಿತು. ಕೆಜಿಎಫ್, ಬೆಂಗಳೂರು, ಮೈಸೂರು ಎಲ್ಲ ಕಡೆ ಕಾರ್ಮಿಕರು ಬೀದಿಗಿಳಿದರು. ಕಂಪನಿಯ ಹೆಚ್ಚುವರಿ ಜಮೀನು, ಆಸ್ತಿಯನ್ನು ಬೇರ್ಪಡಿಸಿ ಬೆಮಲ್ ಲ್ಯಾಂಡ್ ಅಸೆಟ್ಸ್ ಎಂಬ ಇನ್ನೊಂದು ಕಂಪನಿ ಮಾಡಿದರು. 2023ರಲ್ಲಿ ಅದು ಷೇರುಪೇಟೆಗೂ ಬಂತು. ಮಾರುವವರ ವಾದ ಇಷ್ಟು: ಪೈಪೋಟಿಯ ಕಾಲದಲ್ಲಿ ಸರ್ಕಾರಿ ಕಂಪನಿ ಬೇಗ ತೀರ್ಮಾನ ತೆಗೆದುಕೊಳ್ಳಲಾರದು, ಹೊಸ ಬಂಡವಾಳ ಹೊರಗಿನಿಂದಲೇ ಬರಬೇಕು. ಕಾರ್ಮಿಕರ ವಾದ: ಸೇನೆಗೆ ಯಂತ್ರ ಕೊಡುವ, ವರ್ಷಕ್ಕೆ 4,000 ಕೋಟಿ ರೂಪಾಯಿಯ ವಹಿವಾಟು ನಡೆಸಿ ಲಾಭ ತೋರಿಸಿದ ಕಂಪನಿಯನ್ನು ಬೇರೆಯವರಿಗೆ ಯಾಕೆ ಕೊಡಬೇಕು. ಈ ಎರಡು ವಾದಗಳ ನಡುವೆ ಊರಿನ ಮಾತು ಕೇಳಿಸುವುದೇ ಇಲ್ಲ.

ಅಷ್ಟರಲ್ಲಿ ಒಳಗೆ ಬಹಳ ಬದಲಾಗಿದೆ. ಒಂದು ಕಾಲಕ್ಕೆ ಕಂಪನಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕಾಯಂ ನೌಕರರಿದ್ದರು, ಈಗ ಅದರ ಅರ್ಧದಷ್ಟು. ನಿವೃತ್ತರಾದವರ ಜಾಗಕ್ಕೆ ಗುತ್ತಿಗೆಯವರು ಬಂದರು. ಕುಲುಮೆಯ ಮುಂದಿನ ಆ ಹದ ಅಪ್ಪನಿಂದ ಮಗನಿಗೆ, ಹಿರಿಯ ಮೇಸ್ತ್ರಿಯಿಂದ ಹುಡುಗನಿಗೆ ದಾಟಬೇಕು. ನಾಳೆ ಇರುತ್ತೇನೋ ಇಲ್ಲವೋ ಗೊತ್ತಿಲ್ಲದ ಹುಡುಗ ಅದನ್ನು ಕಲಿಯಲು ಎಷ್ಟು ವರ್ಷ ಕೊಟ್ಟಾನು?

ರೈಲು ಬೋಗಿಗಳ ಹೊಸ ಕಾರ್ಖಾನೆಗೆ 2025ರಲ್ಲಿ ಮಧ್ಯಪ್ರದೇಶದ ರಾಯ್‌ಸೇನ್ ಜಿಲ್ಲೆಯಲ್ಲಿ ಅಡಿಗಲ್ಲು ಬಿದ್ದಿದೆ. ಕೆಜಿಎಫ್‌ನಲ್ಲಿ ಕಂಪನಿ ಬಳಸದೆ ಉಳಿಸಿದ್ದ ಸುಮಾರು 970 ಎಕರೆಯನ್ನು ವಾಪಸ್ ಪಡೆದು ಕೈಗಾರಿಕಾ ಪ್ರದೇಶ ಮಾಡಲು ರಾಜ್ಯ ಸರ್ಕಾರ ಹೊರಟಿದೆ. ಅಲ್ಲಿ ಬರುವ ಕಾರ್ಖಾನೆಗಳಲ್ಲಿ ಊರಿನವರಿಗೆ ಎಷ್ಟು ಕೆಲಸ, ಡ್ರೆಡ್ಜರ್ ಭಾಗಗಳ ಕೆಲಸ ಯಾವ ಘಟಕಕ್ಕೆ, ಗುತ್ತಿಗೆ ಕಾರ್ಮಿಕರಲ್ಲಿ ಎಷ್ಟು ಜನ ಯಾವಾಗ ಕಾಯಂ? ಈ ಮೂರಕ್ಕೆ ಬರಹದಲ್ಲಿ ಉತ್ತರ ಕೊಡಬೇಕು. ಷೇರು ಮಾರಾಟದ ಮುಂದಿನ ಹೆಜ್ಜೆ ಇಡುವ ಮೊದಲೇ, ಬೆಮಲ್ ನಗರದಲ್ಲೇ ಸಭೆ ಕರೆದು ಕೊಡಬೇಕು.