ಸಾರಿನಿಂದ ಕಾಬೂಲಿಗೆ

ತಟ್ಟೆಯ ಬಿಸಿ ಅನ್ನದ ಮೇಲೆ ತಿಳಿಸಾರು ಬೀಳುತ್ತದೆ. ಇಂಗಿನ ಒಗ್ಗರಣೆ ಮೂಗಿಗೆ ಬಡಿಯುತ್ತದೆ. ಇಂಗು ಹೆಚ್ಚಾಗಿ ಅಫ್ಘಾನಿಸ್ತಾನದ ಕಡೆಯಿಂದ ಬರುವ ಮಾಲು. ಮನಸ್ಸು ಅಲ್ಲಿಂದ ಕಾಬೂಲಿನ ಒಣದ್ರಾಕ್ಷಿಗೆ, ದ್ರಾಕ್ಷಿಯಿಂದ ಮದುವೆಮನೆಯ ಕೇಸರಿಬಾತಿಗೆ, ಕೇಸರಿಬಾತಿನಿಂದ ಮಾತು ಬಿಟ್ಟ ಹಳೇ ಗೆಳತಿಗೆ ಹಾರುತ್ತದೆ. ಎರಡು ತುತ್ತು ಮುಗಿಯುವುದರೊಳಗೆ ಇಷ್ಟೂ ಆಗಿಬಿಡುತ್ತದೆ, ಅಲ್ವಾ?

ಈ ಅಲೆದಾಟಕ್ಕೆ ಗೊತ್ತುಗುರಿ ಇಲ್ಲ ಅಂತ ಅನಿಸುವುದು ಸಹಜ. ಆದರೆ ಮನಸ್ಸು ತುಳಿದ ದಾರಿಯನ್ನೇ ಮತ್ತೆ ಮತ್ತೆ ತುಳಿಯುತ್ತದೆ. ಇದನ್ನು ಲೆಕ್ಕವಿಟ್ಟು ನೋಡಿದವನು ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್. ಮನುಷ್ಯರ ತಳಿಯನ್ನೇ ಸುಧಾರಿಸಬೇಕು ಎಂಬಂಥ ಅವನ ಬೇರೆ ಕೆಲವು ವಿಚಾರಗಳು ಜಗತ್ತಿಗೆ ಕೇಡು ತಂದವು, ಅದನ್ನು ಮರೆಯುವಂತಿಲ್ಲ. ಆದರೆ 1879ರಲ್ಲಿ ಅವನು ಪ್ರಕಟಿಸಿದ ಈ ಪ್ರಯೋಗ ಮಾತ್ರ ಬಹಳ ಚೆನ್ನಾಗಿದೆ. ಅವನು 75 ಪದಗಳನ್ನು ಚೀಟಿಗಳಲ್ಲಿ ಬರೆದಿಟ್ಟುಕೊಂಡ. ಒಂದೊಂದೇ ಚೀಟಿ ನೋಡಿ, ತಕ್ಷಣ ಹೊಳೆದದ್ದನ್ನು ಗುರುತು ಹಾಕಿಕೊಂಡ. ಬೇರೆ ಬೇರೆ ಊರುಗಳಲ್ಲಿ, ಸಾಕಷ್ಟು ದಿನಗಳ ಅಂತರದಲ್ಲಿ, ಒಟ್ಟು 4 ಸಲ ಹೀಗೆ ಮಾಡಿದ. 660 ಸೆಕೆಂಡುಗಳಲ್ಲಿ 505 ವಿಚಾರಗಳು ಬಂದಿದ್ದವು. ಅವುಗಳಲ್ಲಿ ಬೇರೆ ಬೇರೆಯಾದವು 289 ಮಾತ್ರ. ಉಳಿದವೆಲ್ಲ ಬಂದವೇ ಮತ್ತೆ ಬಂದಿದ್ದವು! ಅದರಲ್ಲೂ ಬಾಲ್ಯ ಮತ್ತು ಹರೆಯದ ನೆನಪುಗಳ ಪಾಲು ದೊಡ್ಡದಾಗಿತ್ತು.

ಒಂದು ನೆನಪು ಇನ್ನೊಂದನ್ನು ಎಬ್ಬಿಸುವುದು ಹೇಗೆ? 1971ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಡೇವಿಡ್ ಮೇಯರ್ ಮತ್ತು ರೋಜರ್ ಶ್ವಾನವೆಲ್ಟ್ ಜನರಿಗೆ ಎರಡೆರಡು ಅಕ್ಷರ ಗುಂಪುಗಳನ್ನು ತೋರಿಸಿ, ಎರಡೂ ನಿಜವಾದ ಪದಗಳೇ ಅಂತ ಕೇಳಿದರು. 'ಬ್ರೆಡ್' ಜೊತೆ 'ಬೆಣ್ಣೆ' ಇದ್ದಾಗ ಉತ್ತರ ಬೇಗ ಬಂತು. 'ನರ್ಸ್' ಜೊತೆ 'ಬೆಣ್ಣೆ' ಇದ್ದಾಗ ತಡವಾಯಿತು. ವ್ಯತ್ಯಾಸ ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಆದರೂ ಅದು ಹೇಳುವುದು ದೊಡ್ಡ ವಿಷಯ: ಒಂದು ಪದ ಎಚ್ಚರಗೊಂಡರೆ ಅದರ ಅಕ್ಕಪಕ್ಕದ ಮನೆಯವರೂ ಅರ್ಧ ಎದ್ದು ಕೂತಿರುತ್ತಾರೆ.

ಊಟಕ್ಕೆ ಇಂಥ ನೆರೆಹೊರೆ ಜಾಸ್ತಿ. ಒಂದೇ ತಿಂಡಿಗೆ ಒಬ್ಬರ ಕೈರುಚಿ, ಒಂದು ಹಬ್ಬ, ಒಂದು ಊರು, ಒಂದು ಜ್ವರದ ದಿನ ಎಲ್ಲವೂ ಅಂಟಿಕೊಂಡಿರುತ್ತವೆ. ಜೊತೆಗೆ ವಾಸನೆ ಬೇರೆ. ನಾವು ರುಚಿ ಅನ್ನುವುದರಲ್ಲಿ ಬಹುಪಾಲು ವಾಸನೆಯೇ. ಅಗಿಯುವಾಗ ಅದು ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ಕಂಡದ್ದು, ಕೇಳಿದ್ದು ಮೊದಲು ಮೆದುಳಿನ ಥಲಾಮಸ್ ಎಂಬ ಭಾಗವನ್ನು ಹಾದುಹೋಗಬೇಕು. ವಾಸನೆ ಮಾತ್ರ ಅದನ್ನು ದಾಟದೆಯೇ ಭಾವನೆ ಮತ್ತು ನೆನಪಿನ ಜಾಗಗಳ ಹತ್ತಿರಕ್ಕೆ ನೇರವಾಗಿ ತಲುಪುತ್ತದೆ.

ಇನ್ನೊಂದು ಮಾತು. ಸುಮ್ನೆ ಕೂತಾಗ ಮೆದುಳು ಸುಮ್ಮನಿರುವುದಿಲ್ಲ. ಕೆಲಸದಲ್ಲಿ ಮುಳುಗಿದಾಗ ತಣ್ಣಗಾಗಿ, ಬಿಡುವಾದಾಗ ಚುರುಕಾಗುವ ಭಾಗಗಳನ್ನು 2001ರಲ್ಲಿ ಅಮೆರಿಕದ ನರವಿಜ್ಞಾನಿ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು ವಿವರಿಸಿದರು. ನಮ್ಮ ಹಳೆಯದನ್ನು ನೆನೆಯುವಾಗ, ಮುಂದಿನದನ್ನು ಊಹಿಸುವಾಗ ದುಡಿಯುವುದೂ ಇವೇ. ಊಟದ ಹೊತ್ತಿಗೂ ಫೋನ್ ಹಿಡಿದರೆ ಈ ಬಿಡುವು ಸಿಗುವುದೇ ಇಲ್ಲ. ನನಗೆ ಅದು ನಿಜವಾದ ನಷ್ಟ ಅನಿಸುತ್ತದೆ.

ಗಾಲ್ಟನ್ ಮಾಡಿದ್ದನ್ನು ಮನೆಯಲ್ಲೇ ಮಾಡಬಹುದು. ಉಪ್ಪಿಟ್ಟು, ಹುರುಳಿ ಸಾರು, ಮಾವಿನ ಉಪ್ಪಿನಕಾಯಿ, ಹೀಗೆ ಹತ್ತು ಹೆಸರು ಚೀಟಿಗಳಲ್ಲಿ ಬರೆದಿಡಿ. ಒಂದೊಂದಕ್ಕೂ ಮೊದಲು ಹೊಳೆದ ಎರಡು ಸಂಗತಿ ಗುರುತು ಹಾಕಿ. ತಿಂಗಳು ಬಿಟ್ಟು, ಹಳೇ ಹಾಳೆ ನೋಡದೆ ಮತ್ತೆ ಬರೆಯಿರಿ. ಮನೆಯ ಹಿರಿಯರ ಕೈಯಲ್ಲೂ ಬರೆಸಿ. ಎರಡು ಸಲವೂ ಬಂದ ನೆನಪುಗಳನ್ನು ಗುರುತಿಸಿ, ಅವರವರ ಕಥೆ ಕೇಳಿ.