12ನೇ ದಿನ ಜ್ವರ ಬಂದರೆ ಫೋನ್ ಯಾರಿಗೆ?

"ಅಕ್ಕ, ಇದೊಂದು ಸ್ವಲ್ಪ ನೋಡಿ ಹೇಳಿ" ಅಂತ ನಮ್ಮ ಕಡೆಯವರೊಬ್ಬರು ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ್ದರು. ಮದ್ದೂರಿನವರು, ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕೆಲಸ. ವಯಸ್ಸು ನಲವತ್ತರ ಮೇಲೆ, ಎತ್ತರ 168 ಸೆಂಟಿಮೀಟರ್, ತೂಕ 104 ಕೆಜಿ, ಮೂರು ವರ್ಷದಿಂದ ಶುಗರ್. (ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.) ಫೋಟೊದಲ್ಲಿದ್ದದ್ದು ಟರ್ಕಿಯ ಇಸ್ತಾಂಬುಲ್‌ನ ಒಂದು ಕ್ಲಿನಿಕ್ಕಿನ ಪ್ಯಾಕೇಜು. ತೂಕ ಇಳಿಸೋಕೆ ಹೊಟ್ಟೆಯ ಚೀಲ ಸಣ್ಣದು ಮಾಡುವ ಸ್ಲೀವ್ ಸರ್ಜರಿ, ಮೂರು ರಾತ್ರಿ ಆಸ್ಪತ್ರೆ, ಎರಡು ರಾತ್ರಿ ಹೋಟೆಲ್, ಏರ್‌ಪೋರ್ಟಿನಿಂದ ಕಾರು, ಎಲ್ಲಾ ಸೇರಿ 3,000 ಪೌಂಡು. ಜೊತೆಗೆ ಬರುವವರಿಗೆ ಊಟ ಫ್ರೀ ಅಂತ ಬೇರೆ ಬರೆದಿತ್ತು. ಪಾಪ, ಪೇಷಂಟಿಗೆ ಆ ಐದು ದಿನ ಊಟವೇ ಇರಲ್ಲ, ಜೊತೆಯವರಾದರೂ ತಿನ್ನಲಿ ಅಂತಲೋ ಏನೋ.

ನಾನು ಸರ್ಜನ್ ಅಲ್ಲ. ಇಲ್ಲಿ ಬ್ರಿಟನ್ನಿನ ಒಂದು ಸರ್ಕಾರಿ ಆಸ್ಪತ್ರೆಯ ಬೇರಿಯಾಟ್ರಿಕ್, ಅಂದರೆ ತೂಕ ಇಳಿಸುವ ಸರ್ಜರಿಯ ತಂಡದಲ್ಲಿ ಡಯಟೀಷಿಯನ್. ಸರ್ಜನ್‌ಗೆ ಪೇಷಂಟಿನ ಜೊತೆ ಇರುವ ಕೆಲಸ ಒಂದು ಒಂದೂವರೆ ಗಂಟೆಯದು, ನಮಗೆ ವರ್ಷಗಟ್ಟಲೆಯದು. ಹಾಗಾಗಿ ನಾನು ಈ ವಿಷಯವನ್ನು ನೋಡುವ ಕಡೆಯೇ ಬೇರೆ.

ಮೊದಲಿಗೆ ಒಂದು ಮಾತು. ಟರ್ಕಿಗೆ ಹೋಗುವವರನ್ನು ನಾನು ದಡ್ಡರು ಅನ್ನಲ್ಲ. ಇಲ್ಲಿ ಪ್ರೈವೇಟಾಗಿ ಮಾಡಿಸಿದರೆ ಇದೇ ಆಪರೇಷನ್‌ಗೆ ಸುಮಾರು 10,000 ಪೌಂಡು ಬೇಕು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ದುಡ್ಡು ಕೊಡಬೇಕಿಲ್ಲ, ಆದರೆ ಕಾಯಬೇಕು, ಕೆಲವು ಊರುಗಳಲ್ಲಿ ವರ್ಷಗಟ್ಟಲೆ. ಅಷ್ಟು ದಿನ ಮಂಡಿ ನೋವು, ಶುಗರ್, ರಾತ್ರಿ ಗೊರಕೆ ಹೊಡೆದು ಉಸಿರು ಕಟ್ಟಿ ಏಳುವುದು, ಇದೆಲ್ಲ ಇಟ್ಟುಕೊಂಡು ಕೂತಿರಿ ಅಂತ ಹೇಳುವುದು ಹೇಳುವವರಿಗೆ ಸುಲಭ ಅಷ್ಟೇ.

ಆದರೆ ನಮ್ಮವರಿಗೆ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ಎನ್‌ಎಚ್‌ಎಸ್‌ನಲ್ಲಿ ಸರ್ಜರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 40 ಇರಬೇಕು, ಅಥವಾ 35ರ ಮೇಲಿದ್ದು ಜೊತೆಗೆ ಶುಗರ್, ಬಿಪಿಯಂಥ ಕಾಯಿಲೆ ಇರಬೇಕು ಅಂತ ಎಲ್ಲರೂ ಕೇಳಿರುತ್ತಾರೆ. ನಮ್ಮಂಥ ದಕ್ಷಿಣ ಏಷ್ಯಾದವರಿಗೆ ಆ ಗಡಿ 2.5 ಕಡಿಮೆ. ಅಂದರೆ 37.5 ಮತ್ತು 32.5. ನಮಗೆ ಕಡಿಮೆ ತೂಕಕ್ಕೇ ಶುಗರ್ ಬರುತ್ತೆ ಅನ್ನೋ ಕಾರಣಕ್ಕೆ. ಲೆಸ್ಟರ್‌ನವರ ಬಿಎಂಐ ಲೆಕ್ಕ ಹಾಕಿದೆ, ಸುಮಾರು 37. ಶುಗರ್ ಬೇರೆ ಇದೆ. ಅವರು ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋಗಿ ಕೇಳಿಯೇ ಇರಲಿಲ್ಲ. "ನನಗೆಲ್ಲಿ ಕೊಡ್ತಾರೆ ಅಕ್ಕ, ಇಲ್ಲಿಯವರೆಲ್ಲ ನೂರೈವತ್ತು ಕೆಜಿ ಇರ್ತಾರೆ" ಅಂದರು.

ಇನ್ನು ಸ್ಲೀವ್ ಅಂದರೇನು ಅಂತ ನೋಡೋಣ. ಹೊಟ್ಟೆಯ ಚೀಲದಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆದು, ಬಾಳೆಹಣ್ಣಿನಷ್ಟು ದಪ್ಪದ ಒಂದು ಕೊಳವೆ ಉಳಿಸುತ್ತಾರೆ. ಉದ್ದಕ್ಕೂ ಸ್ಟೇಪಲ್ ಹೊಡೆಯುತ್ತಾರೆ. ತೆಗೆದದ್ದನ್ನು ಮತ್ತೆ ಸೇರಿಸೋಕಾಗಲ್ಲ. ಒಳ್ಳೆಯ ಕಡೆ ಮಾಡಿದರೆ ಇದು ಅಂಥ ಅಪಾಯದ ಆಪರೇಷನ್ ಏನಲ್ಲ, ಸಾವಿನ ಪ್ರಮಾಣ ಸಾವಿರಕ್ಕೆ ಒಂದರ ಆಸುಪಾಸು. ಆದರೆ ನೂರರಲ್ಲಿ ಒಬ್ಬಿಬ್ಬರಿಗೆ ಆ ಸ್ಟೇಪಲ್ ಸಾಲು ಎಲ್ಲೋ ಒಂದು ಕಡೆ ಬಿಟ್ಟುಕೊಂಡು ಸೋರುತ್ತೆ. ಇದಕ್ಕೆ ಲೀಕ್ ಅಂತಲೇ ಹೇಳೋದು. ಲೀಕ್ ಆಪರೇಷನ್ ಟೇಬಲ್ ಮೇಲೆ ಕಾಣಿಸಬೇಕು ಅಂತಿಲ್ಲ. ಐದನೇ ದಿನ, ಎಂಟನೇ ದಿನ, ಹನ್ನೆರಡನೇ ದಿನ, ಅಂದರೆ ನೀವು ವಾಪಸ್ ಬಂದು ಸೂಟ್‌ಕೇಸ್ ಖಾಲಿ ಮಾಡಿ ಸೋಫಾ ಮೇಲೆ ಕೂತಾಗ ಕಾಣಿಸಿಕೊಳ್ಳಬಹುದು. ಹೊಟ್ಟೆ ನೋವೇ ಮೊದಲು ಬರಬೇಕು ಅಂತಲೂ ಇಲ್ಲ. ಎಷ್ಟೋ ಸಲ ಮೊದಲ ಸುಳಿವು ನಾಡಿ. ಸುಮ್ನೆ ಕೂತಿದ್ದರೂ ಎದೆ ಬಡಿತ ನಿಮಿಷಕ್ಕೆ 120 ದಾಟಿರುತ್ತೆ. ಜೊತೆಗೆ ಜ್ವರ, ಎಡ ಭುಜದಲ್ಲಿ ನೋವು, ಉಸಿರಿಗೆ ಕಷ್ಟ. ಆಗ ತಡ ಮಾಡುವ ಹಾಗಿಲ್ಲ.

ಅದಕ್ಕೇ ನಾನು ಅವರಿಗೆ ಪ್ಯಾಕೇಜಿನ ಬಗ್ಗೆ ಏನೂ ಹೇಳಲಿಲ್ಲ. ಒಂದೇ ಪ್ರಶ್ನೆ ಆ ಕ್ಲಿನಿಕ್ಕಿಗೆ ಕಳಿಸಿ ಅಂದೆ. "ಆಪರೇಷನ್ ಆದ 12ನೇ ದಿನ, ನಾನು ಲೆಸ್ಟರ್‌ನಲ್ಲಿದ್ದಾಗ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು?"

ಈ ಪ್ರಶ್ನೆ ನನಗೆ ಹೊಳೆದದ್ದು ಪುಸ್ತಕ ಓದಿ ಅಲ್ಲ. ಕೆಲವು ವರ್ಷದ ಹಿಂದೆ ಒಬ್ಬ ಹೆಂಗಸು ನಮ್ಮ ವಾರ್ಡಿಗೆ ಬಂದರು. ಬೇರೆ ದೇಶದಲ್ಲಿ ಆಪರೇಷನ್ ಆಗಿ ಐದು ವಾರ. ಕೈಯಲ್ಲಿ ಹೊಳೆಯುವ ಫೋಲ್ಡರ್, ಮೇಲೆ ಕ್ಲಿನಿಕ್ಕಿನ ಲೋಗೊ. ಒಳಗೆ ಹೋಟೆಲ್ ಬಿಲ್ ಇತ್ತು, ಡಯಟ್ ಚಾರ್ಟ್ ಇತ್ತು, ಏನು ಆಪರೇಷನ್ ಮಾಡಿದ್ದಾರೆ ಅನ್ನೋದರ ವಿವರ ಇರಲಿಲ್ಲ. ಡಿಸ್ಚಾರ್ಜ್ ಕಾಗದ ಅರ್ಧ ಪುಟ, ಅದೂ ಅವರ ಭಾಷೆಯಲ್ಲಿ. ಮೂರು ವಾರದಿಂದ ದಿನಾ ವಾಂತಿ. ಕ್ಲಿನಿಕ್ಕಿನ ಕೋಆರ್ಡಿನೇಟರ್‌ಗೆ ಮೆಸೇಜ್ ಹಾಕಿದಾಗೆಲ್ಲ "ಮೊದಮೊದಲು ಹೀಗೇ, ಸ್ವಲ್ಪ ಸ್ವಲ್ಪ ನೀರು ಕುಡೀರಿ" ಅಂತ ಉತ್ತರ, ಕೊನೆಗೊಂದು ಹೂವಿನ ಇಮೋಜಿ. ಆ ಮೆಸೇಜುಗಳನ್ನು ಅವರೇ ನನಗೆ ತೋರಿಸಿದರು. ತೋರಿಸುವಾಗ ಫೋನನ್ನು ಒಂದು ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದರು. ಯಾಕೆ ಅಂತ ಕೇಳಿದೆ. ಅಕ್ಷರ ಎರಡೆರಡು ಕಾಣುತ್ತೆ ಅಂದರು. ಬಾತ್‌ರೂಮಿಗೆ ಹೋಗುವಾಗ ಗೋಡೆ ಹಿಡಿದುಕೊಂಡೇ ಹೋಗುತ್ತಿದ್ದರು.

ಅದು ಥಯಾಮಿನ್, ಅಂದರೆ ಬಿ1 ವಿಟಮಿನ್ ಮುಗಿದುಹೋದ ಲಕ್ಷಣ. ನಮ್ಮ ದೇಹದಲ್ಲಿ ಅದರ ದಾಸ್ತಾನು ಕೆಲವೇ ವಾರಕ್ಕೆ ಸಾಕಾಗುವಷ್ಟು. ಊಟ ಇಲ್ಲದೆ ವಾಂತಿಯೂ ಆಗುತ್ತಿದ್ದರೆ ಬೇಗ ಖಾಲಿ. ಆಗ ಮೆದುಳಿಗೇ ಪೆಟ್ಟು ಬೀಳುತ್ತೆ, ತಡವಾದರೆ ನೆನಪಿನ ಶಕ್ತಿ ವಾಪಸ್ ಬರದೇ ಇರಬಹುದು. ಇದರಲ್ಲಿ ಇನ್ನೊಂದು ಎಡವಟ್ಟಿದೆ. ಸುಸ್ತಾಗಿದೆ ಅಂತ ಯಾರೋ ಗೊತ್ತಿಲ್ಲದೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಇದ್ದ ಚೂರುಪಾರು ಥಯಾಮಿನ್ನೂ ಮುಗಿದು ಪರಿಸ್ಥಿತಿ ಕೆಡುತ್ತೆ. ಮೊದಲು ಥಯಾಮಿನ್, ಆಮೇಲೆ ಗ್ಲೂಕೋಸ್. ಅವರಿಗೆ ಅವತ್ತೇ ರಕ್ತನಾಳಕ್ಕೆ ಕೊಟ್ಟರು, ಕಣ್ಣು ಸರಿಹೋಯಿತು. ನಡಿಗೆ ಸರಿಹೋಗೋಕೆ ತಿಂಗಳುಗಳೇ ಹಿಡಿದವು. ನೋಡಿ, ಇಲ್ಲಿ ಆಪರೇಷನ್ ಏನೂ ಕೆಟ್ಟಿರಲಿಲ್ಲ. ಸರ್ಜನ್ ಕೈಚಳಕ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಆಮೇಲಿನದು.

ಸುದ್ದಿಗಳೂ ಇವೆ. 2019ರಿಂದೀಚೆಗೆ ತೂಕ ಇಳಿಸುವ ಸರ್ಜರಿಗೆ ಟರ್ಕಿಗೆ ಹೋಗಿದ್ದ ಏಳು ಬ್ರಿಟಿಷರು ತೀರಿಕೊಂಡಿದ್ದಾರೆ ಅಂತ 2023ರಲ್ಲಿ ಬಿಬಿಸಿ ವರದಿ ಮಾಡಿತು. ಅದೇ ವರ್ಷ ತೂಕ ಇಳಿಯಲಿ ಅಂತ ಅಲ್ಲಿ ಹೊಟ್ಟೆಯ ಚೀಲದ ಗೋಡೆಗೆ ಬೊಟಾಕ್ಸ್ ಚುಚ್ಚಿಸಿಕೊಂಡು ಬಂದ ಯುರೋಪಿನ 60ಕ್ಕೂ ಹೆಚ್ಚು ಜನಕ್ಕೆ ಬಾಟ್ಯುಲಿಸಂ, ಅಂದರೆ ಸ್ನಾಯುಗಳ ಬಲ ಕುಂದಿಸುವ ವಿಷಬಾಧೆ ಆಯಿತು. ಅಮೆರಿಕದಲ್ಲಿರುವ ನಮ್ಮವರು ಹೋಗುವುದು ಗಡಿಯಾಚೆಯ ಮೆಕ್ಸಿಕೊದ ಟಿಹುವಾನಾಕ್ಕೆ. ಅಲ್ಲಿ ಸರ್ಜರಿ ಮಾಡಿಸಿಕೊಂಡವರಲ್ಲಿ ಆಂಟಿಬಯಾಟಿಕ್‌ಗೆ ಬಗ್ಗದ ಸೂಡೊಮೊನಾಸ್ ಬ್ಯಾಕ್ಟೀರಿಯಾದ ಸೋಂಕು ಸಿಕ್ಕಿ, 2019ರ ಜನವರಿಯಲ್ಲಿ ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಎಚ್ಚರಿಕೆ ಕೊಟ್ಟಿತ್ತು. ಇದನ್ನೆಲ್ಲ ಹೇಳಿದ ಮಾತ್ರಕ್ಕೆ ಟರ್ಕಿಯ ವೈದ್ಯರೆಲ್ಲ ಕೆಟ್ಟವರು ಅಂತಲ್ಲ. ದಿನಾ ಇದೇ ಆಪರೇಷನ್ ಮಾಡಿ ಪಳಗಿದ ಸರ್ಜನ್‌ಗಳು ಅಲ್ಲಿದ್ದಾರೆ. ಹೊರದೇಶದವರಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆಗೂ, ನಡುವೆ ಇರುವ ಏಜೆನ್ಸಿಗೂ ಅಲ್ಲಿನ ಆರೋಗ್ಯ ಸಚಿವಾಲಯದ ಪರವಾನಗಿ ಇರಲೇಬೇಕು, ಅದನ್ನು ಕೇಳಿ ನೋಡುವ ಹಕ್ಕು ನಿಮಗಿದೆ. ನನ್ನ ತಕರಾರು ದೇಶದ ಮೇಲಲ್ಲ, ಐದು ದಿನದ ಮೇಲೆ.

ಯಾಕಂದರೆ ಐದು ದಿನದಲ್ಲಿ ಬಿಟ್ಟುಹೋಗುವುದು ಏನೇನು ಗೊತ್ತಾ? ನಾವಿಲ್ಲಿ ಆಪರೇಷನ್‌ಗೆ ಎರಡು ವಾರ ಮುಂಚೆ ಕಡಿಮೆ ಕ್ಯಾಲರಿ ಊಟದ ಮೇಲೆ ಇಡುತ್ತೇವೆ, ಬಹಳಷ್ಟು ಹಾಲು, ಮೊಸರಿನದ್ದೇ. ಕೊಬ್ಬು ತುಂಬಿದ ಲಿವರ್ ಕುಗ್ಗಲಿ, ಸರ್ಜನ್‌ಗೆ ಹೊಟ್ಟೆ ಕಾಣಲಿ ಅಂತ. ಎಂಡೋಸ್ಕೋಪಿ ಮಾಡಿಸುವುದೂ ಉಂಟು. ಎದೆಯುರಿ ಜಾಸ್ತಿ ಇರುವವರಿಗೆ ಸ್ಲೀವ್ ಆದರೆ ಅದು ಇನ್ನೂ ಕೆಡಬಹುದು, ಅಂಥವರಿಗೆ ಹೊಟ್ಟೆಯ ಬೈಪಾಸ್ (ಹೃದಯದ್ದಲ್ಲ, ತೂಕ ಇಳಿಸುವ ಇನ್ನೊಂದು ಸರ್ಜರಿ) ವಾಸಿ. ನಿದ್ದೆಯಲ್ಲಿ ಉಸಿರು ನಿಲ್ಲುತ್ತಾ ಅಂತ ನೋಡಬೇಕು. ಇದೆಲ್ಲ ಆದಮೇಲೆ ಕೆಲವರಿಗೆ "ನಿಮಗೆ ಈ ಆಪರೇಷನ್ ಬೇಡ" ಅಂತ ಹೇಳಬೇಕಾಗುತ್ತೆ. ದುಡ್ಡು ಕಟ್ಟಿ, ಟಿಕೆಟ್ ತೆಗೆದು, ಸರ್ಜನ್ ಮುಖವನ್ನು ಮೊದಲ ಸಲ ಆಪರೇಷನ್ ದಿನ ಬೆಳಗ್ಗೆ ನೋಡುವ ಕಡೆ "ಬೇಡ" ಅನ್ನೋರು ಯಾರು?

ನಮ್ಮವರಲ್ಲಿ ಬಹಳ ಜನ "ಟರ್ಕಿ ಬೇಡ, ಬೆಂಗಳೂರಲ್ಲೇ ಮಾಡಿಸ್ತೀನಿ" ಅನ್ನುತ್ತಾರೆ. ಸುಮಾರು ಮೂರರಿಂದ ಐದು ಲಕ್ಷ ರೂಪಾಯಿ, ಪೌಂಡಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಟರ್ಕಿಯಷ್ಟೇ. ನನಗೆ ಇದರಲ್ಲಿ ಕಾಣುವ ದೊಡ್ಡ ಲಾಭ ದುಡ್ಡಿನದ್ದಲ್ಲ, ದಿನಗಳದ್ದು. ಅಮ್ಮನ ಮನೆ ಇದೆ, ನಾಲ್ಕು ವಾರ ಇರಬಹುದು, ಲೀಕ್ ಆಗುವ ಆ ಮೊದಲ ದಿನಗಳು ಆಸ್ಪತ್ರೆಯ ಹತ್ತಿರವೇ ಕಳೆಯುತ್ತವೆ, ನೋವನ್ನು ಕನ್ನಡದಲ್ಲೇ ಹೇಳಬಹುದು. "ಇಲ್ಲಿ ಒಂಥರಾ ಹಿಡ್ಕೊಂಡ ಹಾಗಾಗುತ್ತೆ" ಅನ್ನೋದನ್ನ ಇಂಗ್ಲಿಷಿನಲ್ಲಿ ಹೇಳಿ ನೋಡಿ!

ಅಮ್ಮನ ಮನೆಯಲ್ಲೇ ಕಷ್ಟವೂ ಇದೆ ಬಿಡಿ. ಮೊದಲ ಎರಡು ವಾರ ತಿಳಿ ಸಾರು, ಮಜ್ಜಿಗೆ, ಹಾಲು, ಇಷ್ಟೇ. ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ಮಗ ಒಣಗಿಹೋದ ಅಂತ ಅಮ್ಮ ಒಂದು ತುತ್ತು ಅನ್ನ ಕಲೆಸಿ ಕೊಡುತ್ತಾರೆ. ಅನ್ನ, ಚಪಾತಿ, ಬ್ರೆಡ್ಡು ಇವು ಆ ಸಣ್ಣ ಕೊಳವೆಯಲ್ಲಿ ಅಂಟಿಕೊಂಡು ಕೂತರೆ ಎದೆಯ ಮೇಲೆ ಗುಂಡುಕಲ್ಲು ಇಟ್ಟ ಹಾಗಿರುತ್ತೆ, ಬಾಯಲ್ಲಿ ನೊರೆನೊರೆ ಎಂಜಲು ಬರುತ್ತೆ. ಮಂಡ್ಯ, ಹಾಸನದ ಕಡೆಯವರಿಗೆ ನಾನು ಬೇರೆಯಾಗಿ ಹೇಳುವ ಮಾತೊಂದಿದೆ. ಮುದ್ದೆಯನ್ನು ನಾವು ಅಗಿಯಲ್ಲ, ನುಂಗುತ್ತೇವೆ. ಅಗಿದರೆ ಅಜ್ಜಿ ಬೈಯುತ್ತಿದ್ದರು. ಈ ಆಪರೇಷನ್ ಆದಮೇಲೆ ನುಂಗುವ ಊಟವೇ ಇಲ್ಲ, ಪ್ರತಿ ತುತ್ತನ್ನೂ ಇಪ್ಪತ್ತು ಸಲ ಅಗಿಯಬೇಕು. ನಲವತ್ತು ವರ್ಷ ನುಂಗಿದ ಗಂಟಲಿಗೆ ಇದನ್ನು ಕಲಿಸೋದು ಆಪರೇಷನ್‌ಗಿಂತ ಕಷ್ಟ, ತಮಾಷೆಗೆ ಹೇಳ್ತಿಲ್ಲ.

ಇನ್ನು ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರೋದೇ ಸುಮಾರು 6 ಗ್ರಾಂ. ಮೊಟ್ಟೆಯನ್ನೂ ಮುಟ್ಟದವರು ಪನೀರು, ಮೊಸರು, ಕಾಳಿನಲ್ಲೇ ಇದನ್ನು ತುಂಬಿಸಬೇಕು, ಹೊಟ್ಟೆ ನೋಡಿದರೆ ಇಷ್ಟೇ ಇಷ್ಟು. ಸಸ್ಯಾಹಾರಿಗಳಲ್ಲಿ ಬಿ12 ಮೊದಲೇ ಕಡಿಮೆ ಇರುತ್ತೆ, ಆಪರೇಷನ್ ಆದಮೇಲೆ ಇನ್ನೂ ಇಳಿಯುತ್ತೆ. ಇಲ್ಲಿ ನಾವು ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ ಕೊಡಿಸುತ್ತೇವೆ. ಮಲ್ಟಿವಿಟಮಿನ್, ಕ್ಯಾಲ್ಸಿಯಂ, ಡಿ, ಬೇಕಾದವರಿಗೆ ಕಬ್ಬಿಣ, ಇವು ಒಂದು ವರ್ಷಕ್ಕಲ್ಲ, ಬದುಕಿರುವಷ್ಟು ದಿನ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ. ಬೆಂಗಳೂರಿನ ಸರ್ಜನ್ ವಾಟ್ಸಾಪ್‌ನಲ್ಲಿ ಎಷ್ಟೇ ಚೆನ್ನಾಗಿ ಮಾತಾಡಲಿ, ಲೆಸ್ಟರ್‌ನಲ್ಲಿ ನಿಮ್ಮ ರಕ್ತ ತೆಗೆಸೋಕೆ ಅವರಿಂದಾಗಲ್ಲ. ತುರ್ತಿಗೆ ಎನ್‌ಎಚ್‌ಎಸ್ ಖಂಡಿತ ನೋಡುತ್ತೆ. ಆದರೆ ಮೊದಲ ಎರಡು ವರ್ಷದ ಫಾಲೋ-ಅಪ್ ಆಪರೇಷನ್ ಮಾಡಿದವರ ಜವಾಬ್ದಾರಿ ಅನ್ನೋದು ಇಲ್ಲಿನ ಲೆಕ್ಕ. ಹಾಗಾಗಿ ನಿಮ್ಮ ಜಿಪಿ ಅದನ್ನು ವಹಿಸಿಕೊಳ್ಳುತ್ತಾರಾ ಅಂತ ಟಿಕೆಟ್ ತೆಗೆಯುವ ಮುಂಚೆ ಕೇಳಿ, ಬಂದಮೇಲಲ್ಲ.

ವಿಮಾನದ್ದೂ ಒಂದಿದೆ. ಆಪರೇಷನ್ ಆದಮೇಲೆ ಕೆಲವು ವಾರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತೆ, ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಇಸ್ತಾಂಬುಲ್ ನಾಲ್ಕು ಗಂಟೆ, ಬೆಂಗಳೂರು ಹತ್ತು ಗಂಟೆ. ರಕ್ತ ತೆಳುವಾಗಿಸುವ ಇಂಜೆಕ್ಷನ್ ಎಷ್ಟು ದಿನ ತೆಗೆದುಕೊಳ್ಳಬೇಕು, ಯಾವಾಗ ಹಾರಬಹುದು ಅನ್ನೋದನ್ನು ಸರ್ಜನ್ ಹತ್ತಿರ ಬರೆಸಿಕೊಳ್ಳಿ. ಟ್ರಾವೆಲ್ ಇನ್ಶೂರೆನ್ಸ್ ಇದೆಯಲ್ಲ ಅನ್ನಬೇಡಿ, ಬೇಕು ಅಂತಲೇ ಮಾಡಿಸಿಕೊಂಡ ಆಪರೇಷನ್ನಿನ ತೊಂದರೆಗಳನ್ನು ಮಾಮೂಲಿ ಪಾಲಿಸಿಗಳು ಹೊರಗಿಟ್ಟಿರುತ್ತವೆ.

"ಮೌಂಜಾರೋ ತಗೊಂಡ್ರೆ ಸಾಕಲ್ವಾ?" ಅಂತ ತೂಕ ಇಳಿಸುವ ಆ ಇಂಜೆಕ್ಷನ್ ಬಗ್ಗೆಯೂ ಲೆಸ್ಟರ್‌ನವರು ಕೇಳಿದರು. ಕೆಲವರಿಗೆ ಸಾಕು. ನಿಲ್ಲಿಸಿದರೆ ತೂಕ ಬಹುಪಾಲು ವಾಪಸ್ ಬರುತ್ತೆ, ತಿಂಗಳ ಖರ್ಚೂ ಇದೆ. ಅದರ ಬಗ್ಗೆ ಇನ್ನೊಮ್ಮೆ ಬರೀತೀನಿ.

ಎರಡು ದಿನ ಬಿಟ್ಟು ಕ್ಲಿನಿಕ್ಕಿನ ಉತ್ತರ ಬಂತು ಅಂತ ಅದನ್ನೂ ಫೋಟೊ ತೆಗೆದು ಕಳಿಸಿದರು. "ದಯವಿಟ್ಟು ನಿಮ್ಮ ಹತ್ತಿರದ ಆಸ್ಪತ್ರೆಗೆ ಹೋಗಿ. ಈ ಶುಕ್ರವಾರದೊಳಗೆ ಬುಕ್ ಮಾಡಿದರೆ 200 ಪೌಂಡು ರಿಯಾಯಿತಿ." ಅವರ ಹತ್ತಿರದ ಆಸ್ಪತ್ರೆ ಅಂದರೆ ನಮ್ಮಂಥದ್ದೇ ಒಂದು.

ಬುಕ್ ಮಾಡಲಿಲ್ಲ. ಮರುವಾರ ಜಿಪಿ ಹತ್ತಿರ ಹೋಗಿ ಬಿಎಂಐ ಲೆಕ್ಕ ತೋರಿಸಿದ್ದಾರೆ, ಜಿಪಿ ತೂಕದ ಕ್ಲಿನಿಕ್ಕಿಗೆ ಕಾಗದ ಬರೆದಿದ್ದಾರೆ. ಒಂದು ವರ್ಷದೊಳಗೆ ಕರೆ ಬರದಿದ್ದರೆ ಬೆಂಗಳೂರು, ಪೂರ್ತಿ ಐದು ವಾರ ರಜ ಹಾಕಿ. ಊರಿಗೆ ಫೋನ್ ಮಾಡಿ ಅಮ್ಮನಿಗೂ ಹೇಳಿದರಂತೆ. ಅಮ್ಮ ಎಲ್ಲಾ ಕೇಳಿಸಿಕೊಂಡು, "ಆಯ್ತಪ್ಪ, ಮುದ್ದೆ ಎಷ್ಟು ದಿನಕ್ಕೆ ತಿನ್ನಬೌದಂತೆ?" ಅಂದರಂತೆ. ಆ ಪ್ರಶ್ನೆಗೆ ಉತ್ತರ ಕೊಡೋಕೆ ಅವರು ನನ್ನ ನಂಬರ್ ಕೊಟ್ಟಿದ್ದಾರೆ.